ಅನೀಸ್ಯಾ ಶೊರೋವಾಳ ನಲವತ್ತೆಂಟು ಸೆಕೆಂಡು

ಆನಿಸ್ ಶಾರಾಕ್ ಹುಟ್ಟಿದ್ದು 1907ರಲ್ಲಿ, ಉತ್ತರ ಇಂಗ್ಲೆಂಡಿನ ಬ್ರಾಕ್‌ಡೆನ್ ಎಂಬ ಗಿರಣಿ ಊರಿನಲ್ಲಿ. ಅನೀಸ್ಯಾ ಶೊರೋವಾ ಹುಟ್ಟಿದ್ದು 1926ರ ಸೆಪ್ಟೆಂಬರಿನ ಒಂದು ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ, ಲಂಡನ್ನಿನ ಒಂದು ಮಹಡಿ ಕೋಣೆಯಲ್ಲಿ, ಮದಾಮ್ ವೆರೀನಾಳ ಪೆನ್ಸಿಲಿನ ತುದಿಯಲ್ಲಿ. ಇಬ್ಬರೂ ಒಬ್ಬಳೇ. ಎರಡನೆಯವಳು ಬದುಕಿದ್ದು ನಾಲ್ಕು ವರ್ಷ ಹತ್ತು ತಿಂಗಳು. ಅಷ್ಟರಲ್ಲಿ ಅವಳ ಜೀವಕ್ಕೆ ಸಂಚಕಾರ ಬಂದದ್ದು ಒಂದೇ ಸಲ, ಅದೂ ಮೊದಲನೆಯವಳ ಊರಿನಲ್ಲೇ.

ಬ್ರಾಕ್‌ಡೆನ್ನಿನಲ್ಲಿ ಹನ್ನೊಂದು ಹತ್ತಿ ಗಿರಣಿಗಳಿದ್ದವು. ಒಂದು ಮಗ್ಗದ ಲಾಳಿ ನಿಮಿಷಕ್ಕೆ ಇನ್ನೂರು ಸಲ ಅತ್ತಿಂದಿತ್ತ ಹಾರುತ್ತಿತ್ತು. ಒಂದೊಂದು ನೇಯ್ಗೆ ಶೆಡ್ಡಿನಲ್ಲಿ ಅಂಥ ಆರುನೂರು ಮಗ್ಗಗಳು. ಆ ಸದ್ದಿನಲ್ಲಿ ಪಕ್ಕದವಳ ಕಿವಿಗೆ ಬಾಯಿಟ್ಟು ಕೂಗಿದರೂ ಕೇಳಿಸದು. ಹಾಗೆಂದು ನೇಯುವ ಹೆಂಗಸರು ಮಾತು ಬಿಟ್ಟಿರಲಿಲ್ಲ. ಸದ್ದನ್ನು ಮಾತ್ರ ಬಿಟ್ಟಿದ್ದರು. ತುಟಿಗಳನ್ನು ಅಗಲಿಸಿ, ಮುಂದೆ ಚಾಚಿ, ಹಲ್ಲು ನಾಲಗೆಗಳನ್ನೆಲ್ಲ ತೋರಿಸಿ ಒಂದೊಂದೇ ಶಬ್ದವನ್ನು ಗಾಳಿಯಲ್ಲಿ ಬರೆಯುತ್ತಿದ್ದರು. ನಲವತ್ತು ಅಡಿ ಆಚೆ ನಿಂತವಳು ಅದನ್ನು ಓದಿ, ನಕ್ಕು, ಇನ್ನೂ ಇಪ್ಪತ್ತು ಅಡಿ ಮುಂದಕ್ಕೆ ದಾಟಿಸುತ್ತಿದ್ದಳು. ಊರಲ್ಲಿ ಅದಕ್ಕೆ ಮೀಮಾ ಎಂದು ಹೆಸರು. ಬೇರೆ ಊರುಗಳಲ್ಲಿ ಗುಟ್ಟು ಹೇಳಲು ದನಿ ತಗ್ಗಿಸುತ್ತಾರೆ. ಬ್ರಾಕ್‌ಡೆನ್ನಿನಲ್ಲಿ ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದರು.

ಆನಿಸ್ ಹನ್ನೆರಡನೇ ವಯಸ್ಸಿಗೆ ಬೆಳಿಗ್ಗೆ ಗಿರಣಿ, ಮಧ್ಯಾಹ್ನ ಶಾಲೆ ಎಂದು ಶುರುಮಾಡಿದಳು. ಮೀಮಾ ಕಲಿಯಲು ಆರು ವಾರ ಹಿಡಿಯಿತು. ಅದರ ಜೊತೆಗೆ ಇನ್ನೊಂದು ಚಟವೂ ಹತ್ತಿತು. ಮಗ್ಗದ ಬಡಿತಕ್ಕೆ ಸರಿಯಾಗಿ ಕಾಲು ಕುಟ್ಟುವುದು. ಅಲ್ಲಿ ಎಲ್ಲರೂ ಹಾಕುತ್ತಿದ್ದದ್ದು ಮರದ ಅಟ್ಟೆಯ, ಅಡಿಗೆ ಕಬ್ಬಿಣದ ಪಟ್ಟಿ ಬಡಿದ ಬೂಟು. ಬೇರೆಯವರ ಪಟ್ಟಿ ಮೂರು ತಿಂಗಳು ಬಂದರೆ ಆನಿಸಳದು ಮೂರೇ ವಾರಕ್ಕೆ ಸವೆಯುತ್ತಿತ್ತು. ತಾಯಿ ಸೆಲೀನಾ ನಾಲ್ಕು ಮಗ್ಗ ನಡೆಸುವ ಹೆಂಗಸು. ಈ ಹುಡುಗಿ ಕುಟ್ಟುವುದೇ ಆದರೆ ಬೇರೆಯವರ ನೆಲ ಕುಟ್ಟಲಿ ಎಂದು ಅವಳನ್ನು ಸಹಕಾರಿ ಅಂಗಡಿಯ ಮಹಡಿಯಲ್ಲಿ ನೃತ್ಯ ಹೇಳಿಕೊಡುತ್ತಿದ್ದ ಮಿಸ್ ಓಪನ್‌ಶಾ ಹತ್ತಿರ ಕಳಿಸಿದಳು. ಹಿಮ್ಮಡಿಯ ಮೇಲೆ ಬದುಕಿದ್ದ ಹುಡುಗಿಯನ್ನು ತುದಿಬೆರಳ ಮೇಲೆ ನಿಲ್ಲಿಸಲು ಮಿಸ್ ಓಪನ್‌ಶಾಗೆ ನಾಲ್ಕು ವರ್ಷ ಬೇಕಾಯಿತು. ನಿಲ್ಲಿಸಿದ ಮೇಲೆ ಆಕೆಯೇ ಲಂಡನ್ನಿಗೆ ಪತ್ರ ಬರೆದಳು.

ಲಂಡನ್ನಿನಲ್ಲಿ ಆಗ ಒಂದು ನಂಬಿಕೆ ಬೇರೂರಿತ್ತು. ರಷ್ಯನ್ನರು ಮಾತ್ರ ತುದಿಬೆರಳ ಮೇಲೆ ಕುಣಿಯಬಲ್ಲರು. ಇಂಗ್ಲಿಷ್ ಹುಡುಗಿ ಕುಣಿದರೆ ಅದು ವ್ಯಾಯಾಮ. ಆದ್ದರಿಂದ ಕುಣಿಯಬೇಕೆನ್ನುವವರೆಲ್ಲ ಹೆಸರಿಗೊಂದು ಬಾಲ ಹಚ್ಚಿಕೊಳ್ಳುತ್ತಿದ್ದರು. ಮದಾಮ್ ವೆರೀನಾಳ ರಷ್ಯನ್ ಬ್ಯಾಲೆ ಮಂಡಳಿಯಲ್ಲಿ ಇಪ್ಪತ್ತಾರು ನರ್ತಕರಿದ್ದರು. ಅವರಲ್ಲಿ ರಷ್ಯ ಕಂಡವರ ಸಂಖ್ಯೆ ಸೊನ್ನೆ. ಇಡೀ ಮಂಡಳಿಯಲ್ಲಿ ಅಲ್ಲಿ ಹುಟ್ಟಿದವನೆಂದರೆ ಕಟ್ಟುಗೂದಲಿನ ಟೋಪನ್ನುಗಳನ್ನು ನೋಡಿಕೊಳ್ಳುವ ಯೆಫಿಮ್ ಒಬ್ಬನೇ, ಅವನೂ ನಾಲ್ಕನೇ ವಯಸ್ಸಿಗೆ ಪೂರ್ವ ಲಂಡನ್ನಿಗೆ ಬಂದವನು. ಅವನಿಗೆ ನೆನಪಿದ್ದದ್ದು ಮೂರು ವಾಕ್ಯ: ‘ಮೀನು ಉಪ್ಪಾಗಿದೆ’, ‘ಬಾಗಿಲು ಹಾಕು, ಅಜ್ಜಿಗೆ ಚಳಿ’, ‘ನನ್ನ ತಮ್ಮನ ಹತ್ತಿರ ಒಂದು ಮೇಕೆ ಇದೆ’. ಅವನ್ನೇ ಎಲ್ಲರಿಗೂ ಕಲಿಸಿದ್ದ. ಪತ್ರಿಕೆಯವರು ಏನು ಕೇಳಿದರೂ ಮಂಡಳಿಯವರು ಈ ಮೂರರಲ್ಲಿ ಒಂದನ್ನು ಭಾವಪೂರ್ಣವಾಗಿ ಹೇಳುತ್ತಿದ್ದರು.

ಕರಾರಿನ ಏಳನೆಯ ಕಲಮು ಹೀಗಿತ್ತು: ರಂಗಮಂದಿರದ ಅರ್ಧ ಮೈಲಿಯೊಳಗೆ ಸಾರ್ವಜನಿಕರ ಎದುರು ಇಂಗ್ಲಿಷ್ ಆಡಿ ಸಿಕ್ಕಿಬಿದ್ದವರು, ಅಥವಾ ಬೇರಾವ ರೀತಿಯಲ್ಲಾದರೂ ತಮ್ಮ ಊರು ಬಯಲು ಮಾಡಿದವರು, ಅಂದೇ ಕೆಲಸ ಬಿಡತಕ್ಕದ್ದು. ಮದಾಮ್ ಸ್ವತಃ ಆ ಕಲಮನ್ನು ಎಷ್ಟು ನಿಷ್ಠೆಯಿಂದ ಪಾಲಿಸುತ್ತಿದ್ದಳೆಂದರೆ ಮಂಡಳಿಯವರ ಎದುರೂ ಮುರುಕು ಮುರುಕಾಗಿಯೇ ಮಾತಾಡುತ್ತಿದ್ದಳು.

ಆನಿಸ್ ಇಪ್ಪತ್ತು ತಿಂಗಳು ಹಿಂದಿನ ಸಾಲಿನಲ್ಲಿ ಕುಣಿದಳು. ಮಂಡಳಿಯ ಹೆಸರಾದ ಆಟ ‘ಬೆಳ್ಳಿ ಕೊಕ್ಕರೆಗಳು’. ಶಾಪದಿಂದ ಕೊಕ್ಕರೆಯಾದ ರಾಣಿ, ಅವಳ ಹಿಂದೆ ಬೀಳುವ ರಾಜಕುಮಾರ, ಹನ್ನೆರಡು ಸಖಿ ಕೊಕ್ಕರೆಗಳು. ಎರಡನೇ ಭಾಗದಲ್ಲಿ ನಾಲ್ಕನೇ ಕೊಕ್ಕರೆ ಒಬ್ಬಳೇ ಮುಂದೆ ಬಂದು ನಲವತ್ತೆಂಟು ಸೆಕೆಂಡು ಕುಣಿಯಬೇಕು. 1928ರ ಮೇ ತಿಂಗಳಲ್ಲಿ ಆಗಿನ ನಾಲ್ಕನೇ ಕೊಕ್ಕರೆ ದಂತವೈದ್ಯನೊಬ್ಬನನ್ನು ಮದುವೆಯಾಗಿ ಹೊರಟುಹೋದಳು. ಮದಾಮ್ ಆನಿಸಳನ್ನು ಕರೆದು, “ನೀನು. ನಾಲ್ಕು. ಶನಿವಾರದಿಂದ,” ಎಂದಳು.

ಆನಿಸ್ ಮೆಟ್ಟಿಲ ಮೇಲೆ ಕೂತು ಅತ್ತಳು. ಕಣ್ಣೊರೆಸಿಕೊಂಡು ಶನಿವಾರ ಆಟ ಎಲ್ಲಿ ಎಂದು ಪಟ್ಟಿ ನೋಡಿದಳು. ಬ್ರಾಕ್‌ಡೆನ್, ಮೆಕ್ಯಾನಿಕ್ಸ್ ಹಾಲ್, ಮಧ್ಯಾಹ್ನ ಎರಡೂವರೆ.

*

ಮಂಡಳಿ ಆ ವಾರ ಇಪ್ಪತ್ತು ಮೈಲಿ ದೂರದ ಊರಲ್ಲಿತ್ತು. ಭಾನುವಾರ ರೈಲು ಹಿಡಿದು ಆನಿಸ್ ಮನೆಗೆ ಬಂದಳು. ಸೆಲೀನಾ ಚಹಾದ ಜೊತೆಗೆ ಬನ್ನಿಗೆ ಬೆಣ್ಣೆ ಹಚ್ಚುತ್ತಿದ್ದಳು.

“ಅವ್ವಾ, ಶನಿವಾರ ನಮ್ ಮಂಡಳಿ ಇಲ್ಲಿಗೆ ಬರ್ತೈತೆ.”

“ಗೊತ್ತು ಕಣೆ. ಗೋಡೆ ಗೋಡೆಗೂ ಅಂಟಿಸವ್ರೆ. ಗ್ಯಾಲರೀಲಿ ಮುಂದಿನ ಸಾಲು ಹಿಡ್ದಾಯ್ತು.”

“ನೀನು ಬರ್ಬೇಕು. ಆದ್ರೆ ನನ್ ಗುರ್ತು ಹಿಡೀಬಾರ್ದು.”

ಬೆಣ್ಣೆ ಚಾಕು ನಿಂತಿತು. ಆನಿಸ್ ಕೈಚೀಲದಿಂದ ಮಂಡಳಿಯ ಪುಸ್ತಿಕೆ ತೆಗೆದು ಕೊಟ್ಟಳು. ಸೆಲೀನಾ ಕನ್ನಡಕ ಹಾಕಿಕೊಂಡು ಓದತೊಡಗಿದಳು.

“‘ಅನೀಸ್ಯಾ ಶೊರೋವಾ. ರಷ್ಯದ ಪೆರ್ಮ್ ನಗರದಲ್ಲಿ ಜನನ. ತಂದೆ ಅಶ್ವದಳದ ಕ್ಯಾಪ್ಟನ್, ಮಹಾಯುದ್ಧದಲ್ಲಿ ವೀರಮರಣ.’ ಇದೇನೋ ಪರ್ವಾಗಿಲ್ಲ. ನಿಮ್ಮಪ್ಪ ಕ್ಯಾಪ್ಟನ್ ಅಲ್ದಿದ್ರೂ ಸೈನ್ಯದಲ್ಲಿ ಕುದ್ರೆ ನೋಡ್ಕೊಂಡಿದ್ದ, ಕುದ್ರೆ ಜೊತೇಲೇ ಹೋದ.” ಮುಂದಕ್ಕೆ ಓದಿದಳು. “‘ತಾಯಿ ಅದೇ ದುಃಖದಲ್ಲಿ ಕೊರಗಿ ನಿಧನ.’” ಕನ್ನಡಕ ತೆಗೆದಳು. “ನಾನ್ ಸತ್ತಿದ್ ಯಾವಾಗ?”

“ಅದು ಮದಾಮ್ ಬರೆದಿದ್ದು ಅವ್ವ. ಎಲ್ರ ತಾಯಂದಿರೂ ಸತ್ತವ್ರೆ. ಪುಸ್ತಕದಲ್ಲಿ.”

“ಕೊರಗಿ! ನಿಮ್ಮಪ್ಪನ ಸುದ್ದಿ ಬಂದ ಮಾರ್ನೇ ದಿನ ಬೆಳಿಗ್ಗೆ ಆರು ಗಂಟೆಗೆ ನಾಲ್ಕು ಮಗ್ಗ ನಡೆಸ್ದೋಳು ನಾನು. ಕೊರಗೋಕೆ ನಂಗೆ ರಜಾ ಕೊಟ್ಟೋರ್ಯಾರು? ಸಾಯ್ಸೋದಿದ್ರೆ ಒಂದು ಒಳ್ಳೆ ಕಾಯ್ಲೆನಾದ್ರೂ ಕೊಡಿಸ್ಬಾರ್ದಿತ್ತೇನೆ? ನ್ಯುಮೋನಿಯಾ ಅಂತ ಹಾಕಿದ್ರೆ ಮರ್ಯಾದೆ ಇರ್ತಿತ್ತು.”

“ಅವ್ವಾ, ನಾನ್ ಈ ಊರೋಳು ಅಂತ ಗೊತ್ತಾದ್ರೆ ಅವತ್ತೇ ಮನೆಗ್ ಕಳಿಸ್ತಾರೆ. ನಂಗೆ ಒಬ್ಳೇ ಕುಣಿಯೋದು ಸಿಕ್ಕೈತೆ. ನಲವತ್ತೆಂಟು ಸೆಕೆಂಡು.”

ಸೆಲೀನಾ ಮಗಳ ಮುಖ ನೋಡಿದಳು. ಅರ್ಧ ಹಚ್ಚಿದ್ದ ಬನ್ನಿಗೆ ಪೂರ್ತಿ ಬೆಣ್ಣೆ ಹಚ್ಚಿ ಅವಳ ಮುಂದಿಟ್ಟಳು.

“ಆಯ್ತು ಬಿಡು. ನಾನ್ ಸತ್ತೇ ಇರ್ತೀನಿ. ಬೀದಿಯೋರ್ಗೂ ಹೇಳಿಡ್ತೀನಿ, ಯಾರೂ ಗುರ್ತು ಹಿಡೀಬ್ಯಾಡಿ ಅಂತ.”

ಬೀದಿಯವರಿಗೆ ಹೇಳುವುದೆಂದರೆ ಸೋಮವಾರ ಬೆಳಿಗ್ಗೆ ಶೆಡ್ಡಿನಲ್ಲಿ ತುಟಿ ಅಲ್ಲಾಡಿಸುವುದು. ಒಂದು ಶೆಡ್ಡಿನ ಈ ತುದಿಯಿಂದ ಆ ತುದಿಗೆ ಸುದ್ದಿ ಮುಟ್ಟಲು ನಾಲ್ಕು ನಿಮಿಷ. ಊರಿಗೆಲ್ಲ ಮುಟ್ಟಲು ಊಟದ ಬಿಡುವು ಸಾಕು. ಇದು ಆನಿಸಳಿಗೆ ಗೊತ್ತಿತ್ತು. ಆದರೂ ಬನ್ನು ತಿಂದಳು.

*

ಶನಿವಾರ ಬೆಳಿಗ್ಗೆ ರೈಲು ನಿಂತಾಗ ನಿಲ್ದಾಣದಲ್ಲಿ ಇನ್ನೂರು ಜನ ಸೇರಿದ್ದರು. ಗುರುತು ಹಿಡಿಯಬಾರದು ಎಂಬ ಕೆಲಸವನ್ನು ಊರು ಮನಸ್ಸಿಟ್ಟು ಮಾಡುತ್ತಿತ್ತು.

“ಅಗೋ, ಆ ಕೆಂಪು ಟೋಪಿ ಹುಡ್ಗಿ ಯಾರೋ ನಂಗೊತ್ತೇ ಇಲ್ಲ!” ಎಂದು ಒಬ್ಬಳು ಕೂಗಿದಳು.

“ನಂಗೂ ಇಲ್ಲ! ಅವ್ಳು ಹುಟ್ಟಿದಾಗ್ಲಿಂದ ಗೊತ್ತಿಲ್ಲ!”

ಪುರಸಭೆಯ ಅಧ್ಯಕ್ಷ ಜೋಸಯ್ಯ ಟ್ಯಾಟರ್ಸಾಲ್ ಭಾನುವಾರದ ಬೈಬಲ್ ಶಾಲೆಯಲ್ಲಿ ಆನಿಸಳಿಗೆ ಒಂಬತ್ತು ವರ್ಷ ಪಾಠ ಹೇಳಿದವನು. ಅವನು ಟೋಪಿ ತೆಗೆದು ಬಾಗಿ, ಪರದೇಶದವರಿಗೆ ಅರ್ಥವಾಗಲೆಂದು ಒಂದೊಂದೇ ಪದವನ್ನು ಕೂಗಿ ಹೇಳಿದ: “ಅಪರಿಚಿತ ಹೆಣ್ಣುಮಗಳೇ! ನಿಮ್ಮನ್ನು! ಮೊದಲ ಸಲ! ನೋಡುತ್ತಿದ್ದೇವೆ!”

ಆನಿಸ್ ರಷ್ಯನ್ ಭಾಷೆಯಲ್ಲಿ ತನ್ನ ತಮ್ಮನ ಹತ್ತಿರ ಒಂದು ಮೇಕೆ ಇದೆ ಎಂದಳು.

“ದೇವರು ಹಾಗೇ ನಡೆಸಲಿ,” ಎಂದ ಟ್ಯಾಟರ್ಸಾಲ್.

ಮದಾಮ್ ವೆರೀನಾಳಿಗೆ ಸಂತೋಷವಾಯಿತು. “ಒಳ್ಳೆಯ ಜನ. ಸರಳ,” ಎಂದಳು. ಆನಿಸಳಿಗೆ ಅರ್ಧ ಗಂಡಾಂತರ ಕಳೆಯಿತು ಎನಿಸಿತು. ಹಾಲಿನಲ್ಲಿ ಪರದೆ ಏಳುವವರೆಗೂ ಹಾಗೇ ಎನಿಸಿತ್ತು.

ಮೆಕ್ಯಾನಿಕ್ಸ್ ಹಾಲಿಗೆ ಎರಡೂ ಕಡೆ ಎತ್ತರದ ಕಿಟಕಿಗಳು. ಹೊರಗಿನ ಬೆಳಕು ಗ್ಯಾಲರಿಯ ಮೇಲೆ ಬಿದ್ದು, ಮುಂದಿನ ಸಾಲಿನವರ ಒಂದೊಂದು ಹಲ್ಲೂ ರಂಗದಿಂದ ಕಾಣುತ್ತಿತ್ತು. ಒಂಬೈನೂರು ಜನ. ಶನಿವಾರ ಮಧ್ಯಾಹ್ನ ಗಿರಣಿ ಬಿಟ್ಟು ಮುಖ ತೊಳೆದು ಬಂದ ನೇಯುವವರು.

ಬ್ಯಾಲೆ ಮೂಕರ ಕಲೆ ಎಂದು ನೋಡುವವರು ತಿಳಿದಿರುತ್ತಾರೆ. ರಂಗದ ಮೇಲಿರುವವರು ಮಾತ್ರ ಒಂದು ಕ್ಷಣವೂ ಸುಮ್ಮನಿರುವುದಿಲ್ಲ. ತುಟಿಯಲ್ಲೇ ಹೆಜ್ಜೆ ಎಣಿಸುತ್ತಾರೆ, ಜಾಗ ಬಿಡು ಎನ್ನುತ್ತಾರೆ, ಬೈಯುತ್ತಾರೆ. ಹತ್ತು ಅಡಿ ದೂರದಲ್ಲಿ ವಾದ್ಯ ನುಡಿಸುವವರಿಗೂ ಕೇಳದು. ಇದು ಎಲ್ಲ ಮಂಡಳಿಗಳಲ್ಲೂ ಇದ್ದ ಪದ್ಧತಿ, ಆನಿಸಳಿಗೂ ಅಭ್ಯಾಸವಾಗಿತ್ತು. ಎಷ್ಟು ಅಭ್ಯಾಸವಾಗಿತ್ತೆಂದರೆ, ಬ್ರಾಕ್‌ಡೆನ್ನಿನಲ್ಲಿ ಅದರ ಪರಿಣಾಮವೇನು ಎಂಬುದು ಅವಳಿಗೆ ಹೊಳೆದದ್ದು ರಾಜಕುಮಾರ ರಾಣಿಯನ್ನು ಎತ್ತಿದ ಮೇಲೆ.

ರಾಜಕುಮಾರ ಸೆರ್ಗೇಯ್ ಲ್ವೋವ್, ಅಂದರೆ ಕ್ರಾಯ್ಡನ್ನಿನ ಸಿಡ್ನಿ ಲವೆಲ್. ಕೊಕ್ಕರೆ ರಾಣಿ ಫಿಲೀನಾ ಗ್ರಿಂಡೋವಾ, ಅಂದರೆ ಬ್ರಾಮ್ಲಿಯ ಫಿಲಿಸ್ ಗ್ರಿಂಡಲ್. ಶಾಪದ ಕಥೆ ಕೇಳಿ ರಾಜಕುಮಾರ ಕಂಬನಿಗರೆದು ರಾಣಿಯನ್ನು ಎರಡೂ ಕೈಯಲ್ಲಿ ತಲೆಯ ಮೇಲಕ್ಕೆತ್ತುವ ಘಟ್ಟ. ಪಿಟೀಲು ಬಿಕ್ಕುತ್ತಿತ್ತು.

ಸಿಡ್ನಿ ದುಃಖದ ಮುಖದಲ್ಲಿ ತುಟಿ ಅಲ್ಲಾಡಿಸಿದ: “ಮಧ್ಯಾಹ್ನ ಏನ್ ತಿಂದೆ ಮಾರಾಯ್ತಿ? ಸೊಂಟ ಮುರೀತಿದೆ.”

ಫಿಲಿಸ್ ಕಣ್ಣುಮುಚ್ಚಿ ಸಾಯುವವಳಂತೆ ಕುತ್ತಿಗೆ ಹಿಂದಕ್ಕೆ ಚೆಲ್ಲಿ: “ಮಾಂಸದ ಪೈ. ಎರಡು. ಬೀಳಿಸಿದ್ರೆ ಮೂರನೇದನ್ನ ನಿನ್ ತಲೆ ಮೇಲೆ ಕುಕ್ತೀನಿ.”

ಗ್ಯಾಲರಿಯಲ್ಲಿ ನಗೆಯ ಸ್ಫೋಟವಾಯಿತು.

ಆನಿಸ್ ತುಟಿಗಳನ್ನು ಹೊಲಿದಂತೆ ಮುಚ್ಚಿಕೊಂಡಳು. ಮಿಕ್ಕವರಿಗೆ ತಲೆಬುಡ ತಿಳಿಯಲಿಲ್ಲ. ತಿಳಿಯದ್ದರಿಂದ ಇನ್ನಷ್ಟು ಮಾತಾಡಿದರು. “ಯಾಕೆ ನಗ್ತಿದಾರೆ?” ಎಂದಿತು ಏಳನೇ ಕೊಕ್ಕರೆ. “ಸಿಡ್ನಿ ಹಿಂದ್ಗಡೆ ಹರಿದಿರ್ಬೇಕು,” ಎಂದಿತು ಎಂಟನೆಯದು. ಒಂಬೈನೂರು ಜೊತೆ ಕಣ್ಣುಗಳು ಸಿಡ್ನಿಯ ಹಿಂದುಗಡೆ ಹೊರಳಿದವು. ಹರಿದಿರಲಿಲ್ಲ, ಗ್ಯಾಲರಿಗೆ ನಿರಾಸೆಯಾಗಿ ನಿಟ್ಟುಸಿರು ಬಂತು.

ಇದರ ನಡುವೆ ಮುಂದಿನ ಸಾಲಿನಿಂದ ಸೆಲೀನಾ ಮಗಳ ಜೊತೆ ಮಾತು ತೆಗೆದಳು. ಗುರುತು ಹಿಡಿಯುವುದಿಲ್ಲ ಎಂದಿದ್ದಳೇ ಹೊರತು ಮಾತಾಡುವುದಿಲ್ಲ ಎಂದಿರಲಿಲ್ಲ.

“ಸೊರಗಿದೀಯ,” ಎಂದವು ಅವಳ ತುಟಿಗಳು. “ಊಟ ಹಾಕಲ್ವಾ ನಿಂಗೆ? ರಾಣಿಗ್ ಮಾತ್ರಾನಾ?”

ಆನಿಸ್ ಕೊಕ್ಕರೆ ಕತ್ತನ್ನು ಬೇರೆ ಕಡೆ ತಿರುಗಿಸಿದಳು.

*

ವಿರಾಮದಲ್ಲಿ ಪರದೆಯ ಹಿಂದೆ ಸಾವಿನ ಮನೆಯಾಗಿತ್ತು. ಫಿಲಿಸ್ ಪೆಟ್ಟಿಗೆಯ ಮೇಲೆ ಕೂತು ಬಿಕ್ಕುತ್ತಿದ್ದಳು.

“ನಾನು ಅಷ್ಟು ಕೆಟ್ಟದಾಗಿ ಕುಣಿದ್ನಾ? ಹತ್ತೊಂಬತ್ತು ಊರಲ್ಲಿ ಜನ ಅತ್ತಿದಾರೆ ಕಣೋ ಸಿಡ್ನಿ!”

“ಕಾಡು ಜನ!” ಎಂದಳು ಮದಾಮ್. “ದುಃಖಕ್ಕೆ ನಗು! ಪರದೆ ಏಳುವುದಿಲ್ಲ. ಎರಡನೇ ಭಾಗ, ಇಲ್ಲ! ಸಾಮಾನು ಕಟ್ಟಿ!”

ಆನಿಸ್ ಗೋಡೆಗೆ ಒರಗಿ ನಿಂತಿದ್ದಳು. ಸುಮ್ಮನಿದ್ದರೆ ಪರದೆ ಏಳುವುದಿಲ್ಲ, ಇವತ್ತು ನಲವತ್ತೆಂಟು ಸೆಕೆಂಡು ಇಲ್ಲ. ಆದರೆ ಸೋಮವಾರ ಮುಂದಿನ ಊರಲ್ಲಿ ಸಿಗುತ್ತದೆ. ಬಾಯಿ ಬಿಟ್ಟರೆ ಪರದೆ ಏಳಬಹುದು, ಆದರೆ ಸೋಮವಾರ ಅವಳೇ ಇರುವುದಿಲ್ಲ. ಲೆಕ್ಕ ನೋಡಿದರೆ ಸುಮ್ಮನಿರುವುದೇ ಸರಿ. ಫಿಲಿಸ್ ಮೂಗು ಒರೆಸಿಕೊಂಡು, “ನಾನು ಇನ್ಮೇಲೆ ಕುಣಿಯಲ್ಲ,” ಎಂದಳು. ಆಗ ಲೆಕ್ಕ ತಪ್ಪಿತು.

“ಅವ್ರು ಕುಣಿತ ನೋಡಿ ನಗ್ತಿಲ್ಲ,” ಎಂದಳು ಆನಿಸ್. “ಮಾತು ಓದಿ ನಗ್ತಾವ್ರೆ.”

ಎಲ್ಲರೂ ತಿರುಗಿದರು.

“ಯಾವ ಮಾತು?” ಎಂದ ಸಿಡ್ನಿ.

“ಪೈ ಮಾತು. ಎರಡು ತಿಂದಿದ್ದು, ಮೂರನೇದನ್ನ ತಲೆ ಮೇಲೆ ಕುಕ್ಕೋದು. ಮಗ್ಗದ ಸದ್ದಲ್ಲಿ ಇವ್ರು ತುಟಿ ನೋಡ್ಕೊಂಡೇ ಮಾತಾಡೋದು. ಈ ಊರಲ್ಲಿ ತುಟಿ ಅಲ್ಲಾಡ್ಸೋದೂ ಒಂದೇ, ತಮಟೆ ಹೊಡ್ಯೋದೂ ಒಂದೇ.”

ಫಿಲಿಸಳ ಅಳು ಥಟ್ಟನೆ ನಿಂತಿತು. ಟೋಪನ್ನುಗಳ ಮಧ್ಯೆ ಯೆಫಿಮ್ ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ನಗತೊಡಗಿದ.

“ಎಲ್ಲವನ್ನೂ ಓದಿದರು?” ಎಂದಳು ಮದಾಮ್ ನಿಧಾನವಾಗಿ. “ನಿನಗೆ ಹೇಗೆ ತಿಳಿಯಿತು?”

“ನಂಗೂ ಓದೋಕೆ ಬರ್ತೈತೆ. ಹನ್ನೆರಡನೇ ವಯಸ್ಸಿಂದ. ಇದು ನಮ್ಮೂರು ಮದಾಮ್. ಮುಂದಿನ ಸಾಲಲ್ಲಿ ನೀಲಿ ಟೋಪಿ ಹಾಕ್ಕೊಂಡಿರೋಳು ನಮ್ಮವ್ವ.”

“ನಿನ್ನ ತಾಯಿ ಸತ್ತಿದ್ದಾಳೆ,” ಎಂದಳು ಮದಾಮ್, ಅಭ್ಯಾಸಬಲದಿಂದ. ಆಮೇಲೆ ಮುಖ ಬಿಗಿಯಿತು. “ಏಳನೆಯ ಕಲಮು. ಇಂದು ಕುಣಿ, ಬೇರೆ ಯಾರಿಗೂ ನಾಲ್ಕನೆಯದು ಬರುವುದಿಲ್ಲ. ಆಟ ಮುಗಿದ ಮೇಲೆ ನೀನು ಶೊರೋವಾ ಅಲ್ಲ.” ಮಿಕ್ಕವರ ಕಡೆ ತಿರುಗಿದಳು: “ಪರದೆ ಏಳುತ್ತದೆ. ಎಲ್ಲರೂ, ಬಾಯಿ ಮುಚ್ಚಿ!”

*

ಬಾಯಿ ಮುಚ್ಚಿದರು. ಕಷ್ಟವೇನೆಂದರೆ, ಎಣಿಸುತ್ತಿದ್ದದ್ದೂ ಅದೇ ಬಾಯಿ. ಎರಡು ವರ್ಷದಿಂದ ತುಟಿಯಲ್ಲಿ ಎಣಿಸಿದವರಿಗೆ ಮನಸ್ಸಿನಲ್ಲಿ ಎಣಿಸಲು ಬರಲಿಲ್ಲ. ಮೂರನೇ ನಿಮಿಷಕ್ಕೆ ಹನ್ನೆರಡು ಕೊಕ್ಕರೆಗಳಲ್ಲಿ ಏಳು ಎಡಕ್ಕೂ ಐದು ಬಲಕ್ಕೂ ಹೋದವು. ಸಿಡ್ನಿ ರಾಣಿಯನ್ನು ಹಿಡಿಯಲು ಕೈ ಚಾಚಿದಾಗ ರಾಣಿ ಇನ್ನೊಂದು ಮೂಲೆಯಲ್ಲಿದ್ದಳು. ಜನ ಈಗ ನಗಲಿಲ್ಲ. ಮಗ್ಗದಲ್ಲಿ ಎಳೆ ಕಡಿದುಕೊಂಡವಳನ್ನು ನೋಡುವಂತೆ ಕನಿಕರದಿಂದ ನೋಡಿದರು.

ಆನಿಸಳ ಸರದಿ ಬಂತು. ಅವಳು ಮುಂದೆ ಬಂದು ತುದಿಬೆರಳ ಮೇಲೆ ಎದ್ದಳು. ಇದೇ ಮೊದಲು, ಇದೇ ಕೊನೆ ಎಂಬುದೊಂದೇ ತಲೆಯಲ್ಲಿತ್ತು, ಎಣಿಕೆ ಇರಲಿಲ್ಲ. ಎಂಟು ಹೆಜ್ಜೆಯ ಮೇಲೆ ಒಂಬತ್ತನೆಯದು ಯಾವುದೆಂದು ಮರೆತುಹೋಯಿತು. ಕಣ್ಣೆತ್ತಿದಳು. ಮುಂದಿನ ಸಾಲಿನಲ್ಲಿ ಸೆಲೀನಾ ಕಟಕಟೆಯ ಮೇಲೆ ಬಾಗಿ, ಬಾಯಿ ಅಗಲಿಸಿ, ಎಣಿಸಿಕೊಡುತ್ತಿದ್ದಳು. ಒಂದು. ಎರಡು. ಮೂರು. ನಾಲ್ಕು.

ಸಂಗೀತ ಮೂರರ ತಾಳದಲ್ಲಿತ್ತು. ಸೆಲೀನಾ ಎಣಿಸಿದ್ದು ನಾಲ್ಕರಲ್ಲಿ, ಮಗ್ಗದ ತಾಳದಲ್ಲಿ, ಅದೂ ಮಗ್ಗದ ವೇಗದಲ್ಲಿ. ಆ ತಾಯಿಗೆ ಲೋಕದಲ್ಲಿ ಬೇರೆ ತಾಳವಿದೆ ಎಂದೇ ತಿಳಿದಿರಲಿಲ್ಲ.

ಆನಿಸಳ ಕಾಲುಗಳು ಕಿವಿಯ ಮಾತು ಬಿಟ್ಟು ಕಣ್ಣಿನ ಮಾತು ಕೇಳಿದವು. ಹಿಮ್ಮಡಿ ನೆಲಕ್ಕಿಳಿಯಿತು. ಹಿಮ್ಮಡಿ, ತುದಿ, ತುದಿ, ಹಿಮ್ಮಡಿ. ಮೇಲೆ ಕೈಗಳು ಕೊಕ್ಕರೆಯ ರೆಕ್ಕೆಯಂತೆ ತೇಲುತ್ತಿದ್ದವು; ಸೊಂಟದ ಕೆಳಗೆ ಬ್ರಾಕ್‌ಡೆನ್ನಿನ ಗಿರಣಿ ನಡೆಯುತ್ತಿತ್ತು. ಪಿಟೀಲಿನವನು ಮೊದಲು ಕಣ್ಣು ಬಿಟ್ಟ, ಆಮೇಲೆ ಅಟ್ಟಿಸಿಕೊಂಡು ಬಂದ. ನಲವತ್ತೆಂಟು ಸೆಕೆಂಡಿನ ಕುಣಿತ ಮೂವತ್ತೊಂಬತ್ತಕ್ಕೆ ಮುಗಿಯಿತು. ಉಳಿದ ಒಂಬತ್ತು ಸೆಕೆಂಡು ಸಂಗೀತ ತಾನೇ ನಡೆದು ಮನೆ ಮುಟ್ಟುವವರೆಗೆ ಆನಿಸ್ ಒಂದು ಕಾಲಿನ ಮೇಲೆ ನಿಂತು ಕಾದಳು.

ಆಮೇಲೆ ಒಂಬೈನೂರು ಜೊತೆ ಮರದಟ್ಟೆಗಳು ನೆಲ ಗುದ್ದಿದವು. ಹಾಲಿನ ಕಾವಲುಗಾರ ಗ್ಯಾಲರಿಯ ಕಂಬಗಳನ್ನು ನೋಡಲು ಕೆಳಕ್ಕೆ ಓಡಿದ.

*

ಪರದೆ ಬಿದ್ದ ಹತ್ತು ನಿಮಿಷಕ್ಕೆ ಸೆಲೀನಾ ಹಿಂಬಾಗಿಲಿನಿಂದ ಒಳಗೆ ಬಂದಳು. ಆನಿಸ್ ಬೂಟುಗಳನ್ನು ಪೆಟ್ಟಿಗೆಗೆ ಹಾಕುತ್ತ, ಆದದ್ದನ್ನೆಲ್ಲ ತುಟಿಯಲ್ಲೇ ತಾಯಿಗೆ ತಿಳಿಸಿದಳು. ಮದಾಮ್ ಕರಾರಿನ ಕಾಗದ ಹಿಡಿದು ನಿಂತಿದ್ದಳು.

“ನಾನು ತೀರಿಕೊಂಡಿರೋ ತಾಯಿ,” ಎಂದಳು ಸೆಲೀನಾ. “ಒಂದ್ ಮಾತು ಕೇಳ್ಕೊಂಡು ಹೋಗ್ತೀನಿ. ನನ್ ಮಗಳನ್ನ ಯಾಕಮ್ಮ ತೆಗೀತಿರೋದು?”

“ಕರಾರು. ಏಳನೆಯ ಕಲಮು.”

“ಓದಿ.”

ಮದಾಮ್ ಓದಿದಳು. ನೇಯುವವರ ಸಂಘದಲ್ಲಿ ಹದಿನೈದು ವರ್ಷ ಮಾಲೀಕರ ಕಾಗದಗಳನ್ನು ಕೇಳಿಸಿಕೊಂಡಿದ್ದ ಸೆಲೀನಾ ತಲೆ ಓರೆ ಮಾಡಿ ಕೇಳಿದಳು.

“‘ಸಾರ್ವಜನಿಕರ ಎದುರು’ ಅಂತೈತೆ. ಸರಿ. ನಮ್ ಆನಿಸ್ ನಿಮ್ಗೆ ಹೇಳಿದ್ದು ಎಲ್ಲಿ?”

“ಇಲ್ಲಿ. ಪರದೆಯ ಹಿಂದೆ.”

“ಪರದೆ ಹಿಂದೆ ಸಾರ್ವಜನಿಕರು ಇದ್ರಾ?”

ಮದಾಮ್ ಕಾಗದವನ್ನು ಮತ್ತೊಮ್ಮೆ ಓದಿದಳು.

“ಊರಿನೋರ್ಗೆ ಅವ್ಳು ತಿಳಿಸ್ಬೇಕಾದ್ದೇ ಇಲ್ಲ, ಹುಟ್ಟಿದಾಗ್ಲೇ ತಿಳಿದೈತೆ. ಇನ್ನು ರಂಗದ ಮೇಲೆ. ಮೊದಲ್ನೇ ಭಾಗದಲ್ಲಿ ಅವ್ಳು ಒಂದಕ್ಷರ ಆಡ್ಲಿಲ್ಲ. ನಾನ್ ಮಾತಾಡ್ಸಿದ್ರೂ ತಿರುಗ್ಲಿಲ್ಲ. ನಿಮ್ ರಾಜಕುಮಾರ? ಒಂಬೈನೂರು ಜನರ ಎದುರು, ಒಳ್ಳೆ ಇಂಗ್ಲಿಷ್‌ನಲ್ಲಿ, ಪೈ ವಿಚಾರ ಮಾತಾಡ್ದ. ರಾಣಿಯಮ್ಮ ಉತ್ತರ ಕೊಟ್ಲು. ಏಳು ಎಂಟನೇ ಕೊಕ್ಕರೆಗಳು ಅವನ ಚಲ್ಣದ ವಿಚಾರ ಮಾತಾಡ್ದೋ. ಕಲಮಿನ ಪ್ರಕಾರ ಇವತ್ತು ಎಲ್ರನ್ನೂ ಮನೆಗೆ ಕಳಿಸ್ಬೇಕು. ಇಟ್ಕೋಬೇಕಾದ್ದು ಆನಿಸ್ ಒಬ್ಳನ್ನೇ.”

ಸಿಡ್ನಿ ಮೆಲ್ಲಗೆ ಕಂಬದ ಹಿಂದಕ್ಕೆ ಸರಿದ.

“ನನ್ನ ಮಂಡಳಿಯಲ್ಲಿ ಕಲಮು ನನ್ನದು,” ಎಂದಳು ಮದಾಮ್ ಗಂಭೀರವಾಗಿ.

“ಇನ್ನೂ ಒಂದೈತೆ,” ಎಂದಳು ಸೆಲೀನಾ. ಈಗ ಅವಳ ದನಿಯಲ್ಲಿ ಸಂಕೋಚವಿತ್ತು. “ಹೇಳ್ಬಾರ್ದು ಅಂತಿದ್ದೆ. ಮೊದಲ್ನೇ ಭಾಗದಲ್ಲಿ ನೀವು ರಂಗದ ಪಕ್ಕ ಮರೇಲಿ ನಿಂತಿದ್ರಿ. ಮರೆ ಅಂತ ನಿಮ್ಗನ್ಸಿರ್ಬೋದು. ಗ್ಯಾಲರಿ ಎಡಗಡೆಯಿಂದ ಚೆನ್ನಾಗಿ ಕಾಣ್ತೈತೆ. ಜನ ನಕ್ಕಾಗ ನೀವೊಂದ್ ಕೆಟ್ಟ ಮಾತಂದ್ರಿ. ನಮ್ ಪಾದ್ರಿ ಹೆಂಡ್ತಿ ಚಿಕ್ಕಂದಿನಲ್ಲಿ ಶೆಡ್ಡಲ್ಲಿದ್ದೋರು. ಪೂರ್ತಿ ಓದ್ಕೊಂಡು, ಇದು ಯಾವ ಭಾಷೆ ಅಂತ ಕೇಳಿದ್ರು. ರಷ್ಯನ್ ಅಂತ ಹೇಳಿದೀನಿ.”

ಮದಾಮ್ ವೆರೀನಾ ಕಾಗದವನ್ನು ಮಡಚಿದಳು, ಮತ್ತೆ ಮಡಚಿದಳು. ಆಮೇಲೆ ಒಂದು ಪೆಟ್ಟಿಗೆಯ ಮೇಲೆ ಧೊಪ್ಪನೆ ಕೂತಳು.

“ಅಯ್ಯಯ್ಯೋ, ಪಾದ್ರಿ ಹೆಂಡ್ತಿನಾ?” ಎಂದಳು. ಆ ದನಿ ದಕ್ಷಿಣ ಲಂಡನ್ನಿನ ಪೆಕಮ್ ಸಂತೆಯದು, ಮೀನು ಮಾರುವ ಸಾಲಿನದು. ಎರಡು ವರ್ಷದಲ್ಲಿ ಮಂಡಳಿಯವರು ಅದನ್ನು ಕೇಳಿದ್ದು ಅದೇ ಮೊದಲು. “ನಮ್ಮಮ್ಮ ಕೇಳಿದ್ರೆ ಸೌಟಲ್ಲಿ ಬಾರಿಸ್ತಿದ್ರು ಕಣ್ರೀ.”

“ಇದ್ದಾರಾ?”

“ಗಟ್ಟಿಮುಟ್ಟಾಗಿದಾರೆ. ಪುಸ್ತಕದಲ್ಲಿ ಸತ್ತಿದಾರೆ.”

“ನನ್ ಥರಾನೇ,” ಎಂದು ಸೆಲೀನಾ ಅವಳ ಪಕ್ಕದಲ್ಲಿ ಕೂತಳು. “ಟೀ ಕುಡೀತೀರಾ?”

ಟೀ ಮುಗಿಯುವ ಹೊತ್ತಿಗೆ ಮೂರು ವಿಷಯ ತೀರ್ಮಾನವಾದವು. ನಾಲ್ಕನೇ ಕೊಕ್ಕರೆ ಆನಿಸಳದೇ. ಗಿರಣಿ ಊರುಗಳಲ್ಲಿ ಕೊಕ್ಕರೆಗಳು ತುಟಿಯ ಮುಂದೆ ರೆಕ್ಕೆ ಹಿಡಿದೇ ಎಣಿಸತಕ್ಕದ್ದು, ಅದನ್ನು ನೋಡಿಕೊಳ್ಳುವುದು ಆನಿಸಳ ಕೆಲಸ. ಮುಂದಿನ ಪುಸ್ತಿಕೆಯಲ್ಲಿ ಅನೀಸ್ಯಾ ಶೊರೋವಾಳ ತಾಯಿ ಬದುಕಿರುತ್ತಾಳೆ. ಈ ಕೊನೆಯದಕ್ಕೆ ಮದಾಮ್, ‘ಆದರೆ ಅಸ್ವಸ್ಥೆ’ ಎಂದು ಸೇರಿಸಲು ನೋಡಿದಳು. ಸೆಲೀನಾ ಒಪ್ಪಲಿಲ್ಲ.

*

ನಾಲ್ಕನೇ ಕೊಕ್ಕರೆಯಾಗಿ ಆನಿಸ್ ಆರುನೂರ ಹನ್ನೊಂದು ಸಲ ಕುಣಿದಳು. ಮೊದಲನೆಯ ಸಲ ಬಿಟ್ಟರೆ ಉಳಿದದ್ದೆಲ್ಲ ಮೂರರ ತಾಳದಲ್ಲಿ, ಸರಿಯಾಗಿ ನಲವತ್ತೆಂಟು ಸೆಕೆಂಡು. ಪತ್ರಿಕೆಗಳು ಅವಳ ಹೆಸರನ್ನು ಎರಡು ಸಲ ಹಾಕಿದವು, ಒಂದು ಸಲ ಸರಿಯಾಗಿ. 1931ರ ಜುಲೈಯಲ್ಲಿ, ಸಮುದ್ರ ತೀರದ ಒಂದು ಊರಿನಲ್ಲಿ, ಅವಳ ಬಲಮಂಡಿಯೊಳಗೆ ಏನೋ ಟಕ್ಕೆಂದಿತು. ಡಾಕ್ಟರು ನಡೆಯಲು ಅಡ್ಡಿಯಿಲ್ಲ ಎಂದರು. ಫಿಲಿಸ್ ಅವಳ ಪೆಟ್ಟಿಗೆಯನ್ನು ರೈಲಿಗೆ ಏರಿಸಿ, ಕಿಟಕಿಯಲ್ಲಿ ಎರಡು ಪೈ ಕೊಟ್ಟಳು.

ಆಗ ಬ್ರಾಕ್‌ಡೆನ್ನಿನಲ್ಲಿ ಹನ್ನೊಂದರಲ್ಲಿ ಏಳು ಗಿರಣಿ ಮುಚ್ಚಿದ್ದವು. ಆನಿಸ್ ಉದ್ಯೋಗ ಕಚೇರಿಯ ಸಾಲಿನಲ್ಲಿ ನಿಂತಳು. ಗುಮಾಸ್ತ ಹೊಸಬ, ಬೇರೆ ಊರಿನವನು, ಊರಿನವರ ಮಾತಿಗೆ ಇನ್ನೂ ಒಗ್ಗಿರಲಿಲ್ಲ.

“ಹಿಂದಿನ ಕೆಲಸ?”

“ಬ್ಯಾಲೆ.”

ಅವನು ಅಚ್ಚಾದ ಪಟ್ಟಿಯ ಮೇಲೆ ಬೆರಳು ಆಡಿಸಿದ. “ಬಾಯ್ಲರ್ ಇದೆ. ಬೇಕರಿ ಇದೆ. ನೀವು ಹೇಳಿದ್ದು ಇಲ್ಲ. ನಿಂತು ಮಾಡೋ ಕೆಲಸಾನಾ, ಕೂತು ಮಾಡೋದಾ?”

“ನಿಂತು.”

“ಒಬ್ಬರೇ ಮಾಡ್ತಿದ್ರಾ, ಗುಂಪಲ್ಲಾ?”

“ಹೆಚ್ಚಿಗೆ ಗುಂಪಲ್ಲಿ. ಒಬ್ಳೇ ಮಾಡಿದ್ದು ಎಂಟು ಗಂಟೆ ಎಂಟು ನಿಮಿಷ.”

“ದಿನಕ್ಕಾ?”

“ಅಲ್ಲ, ಒಟ್ಟು.”

ಗುಮಾಸ್ತ ಪೆನ್ನು ಕೆಳಗಿಟ್ಟ. ಈ ಹೆಂಗಸು ತಮಾಷೆ ಮಾಡುತ್ತಿದ್ದಾಳೋ ಎಂದು ಮುಖ ನೋಡಿದ. ತಮಾಷೆ ಕಾಣಲಿಲ್ಲ.

“ಅಷ್ಟಕ್ಕೇ ಸಾಕಾಯ್ತೇನಮ್ಮ?” ಎಂದು ಕೇಳಿದ. ಅದು ಅವನ ಪಟ್ಟಿಯಲ್ಲಿದ್ದ ಪ್ರಶ್ನೆಯಲ್ಲ.

ಆನಿಸ್ ಬಲಗಾಲಿನ ಭಾರವನ್ನು ಎಡಗಾಲಿಗೆ ದಾಟಿಸಿದಳು.

“ಮಂಡಿಗೆ ಸಾಕಾಯ್ತು,” ಎಂದಳು.